ವೈಟ್ ಡ್ವಾರ್ಫ್ ಜೋಡಿಗಳ ಗುರುತ್ವ ಅಲೆ ಲೈಗೋಗೆ ಯಾಕೆ ಸಿಗಲ್ಲ? ಸಿಗದೇ ಇದ್ರೆ ಇದೆ ಅಂತ ಹೆಂಗೆ ಹೇಳ್ತಾರೆ?

ಬಸವನಗುಡಿ_ಬೈನಾಕ್ಯುಲರ್

ಎಲ್ರಿಗೂ ನಮಸ್ಕಾರ. ನಾನು ಬಿಕಾಂ ಓದಿ ಅಕೌಂಟ್ಸ್ ನೋಡ್ಕೊಂಡಿರೋನು, ಆಕಾಶ ನೋಡೋ ಹುಚ್ಚು ಇದೆ ಅಷ್ಟೇ, ಹಾಗಾಗಿ ಉತ್ತರ ಹೇಳೋರು ದಯವಿಟ್ಟು ಫಾರ್ಮುಲಾ ಹಾಕಿ ಓಡಿಸ್ಬೇಡಿ. ಪ್ಲಾನೆಟೇರಿಯಂಗೆ ಮಗಳನ್ನ ಕರ್ಕೊಂಡು ಹೋದಾಗ ಕ್ಯಾಂಟೀನ್ ಹತ್ರ ಕಾಲೇಜು ಹುಡುಗ್ರು ಮಾತಾಡ್ತಾ ಇದ್ರು, ನಮ್ಮ ಗ್ಯಾಲಕ್ಸಿಲಿ ಗುರುತ್ವ ಅಲೆ (ಭಾರದ ವಸ್ತುಗಳು ಸುತ್ತೋವಾಗ ಆಕಾಶದ ಜಾಗದಲ್ಲೇ ಏಳೋ ಸಣ್ಣ ಅಲೆ) ಬಿಡೋ ಜೋಡಿ ನಕ್ಷತ್ರಗಳಲ್ಲಿ ತುಂಬಾ ಜಾಸ್ತಿ ಇರೋದು ವೈಟ್ ಡ್ವಾರ್ಫ್ (ಇಂಧನ ಮುಗಿದ ನಕ್ಷತ್ರದ ಉಳಿದ ಗಟ್ಟಿ ತಿರುಳು) ಜೋಡಿಗಳೇ, ಕೋಟಿಗಟ್ಲೆ ಇದಾವೆ, ಹಗಲು ರಾತ್ರಿ ಅನ್ನದೆ ಅಲೆ ಬಿಡ್ತಾನೇ ಇರ್ತಾವೆ ಅಂತ.

ಈಗ ನನ್ನ ಡೌಟು. 2015ರಲ್ಲಿ ಲೈಗೋ (ಗುರುತ್ವ ಅಲೆ ಹಿಡಿಯೋ ಅಮೆರಿಕದ ಡಿಟೆಕ್ಟರ್) ಮೊದಲನೇ ಸಲ ಕೇಳಿಸ್ಕೊಂಡಿದ್ದು ಸುಮಾರು 130 ಕೋಟಿ ಬೆಳಕಿನ ವರ್ಷ ದೂರದ ಬ್ಲ್ಯಾಕ್ ಹೋಲ್‌ಗಳದ್ದು. ಅಷ್ಟು ದೂರದ್ದು ಕೇಳ್ಸತ್ತೆ ಅಂದ್ಮೇಲೆ ಇಲ್ಲೇ ಪಕ್ಕದಲ್ಲಿ, ನಮ್ಮ ಗ್ಯಾಲಕ್ಸಿಲೇ ಇರೋದು ಯಾಕೆ ಕೇಳ್ಸಲ್ಲ? ಮಹಾರಾಷ್ಟ್ರದ ಹಿಂಗೋಲಿಲಿ ಲೈಗೋ ಇಂಡಿಯಾ ಬಂದ್ಮೇಲೆ ಆದ್ರೂ ಕೇಳ್ಸತ್ತಾ? ಮತ್ತೆ ಒಂದು ಸಲನೂ ಕೇಳ್ಸ್ಕೊಂಡೇ ಇಲ್ಲ ಅಂದ್ರೆ ಅಲೆ ಬರ್ತಾ ಇದೆ ಅಂತ ಇಷ್ಟು ಧೈರ್ಯವಾಗಿ ಹೇಳೋದು ಯಾವ ಆಧಾರದ ಮೇಲೆ?

ಹೆಸರಘಟ್ಟ_ಲೋಕಲ್

ಒಳ್ಳೆ ಪ್ರಶ್ನೆ ಸಾರ್. ಇಲ್ಲಿ ದೂರದ ಲೆಕ್ಕ ಆಮೇಲೆ, ಮೊದಲು ಫ್ರೀಕ್ವೆನ್ಸಿ ಲೆಕ್ಕ ನೋಡ್ಬೇಕು.

ಎರಡು ವಸ್ತು ಒಂದನ್ನೊಂದು ಸುತ್ತೋವಾಗ, ಒಂದು ಸುತ್ತಿಗೆ ಎರಡು ಅಲೆ ಬರತ್ತೆ. ಅಂದ್ರೆ ಅಲೆಯ ಫ್ರೀಕ್ವೆನ್ಸಿ ಸುತ್ತೋ ಫ್ರೀಕ್ವೆನ್ಸಿಯ ಡಬಲ್. ಇನ್ನ ಎಷ್ಟು ಜೋರಾಗಿ ಸುತ್ತಬಹುದು ಅನ್ನೋದು ಎಷ್ಟು ಹತ್ರ ಬರಬಹುದು ಅನ್ನೋದರ ಮೇಲೆ ಹೋಗತ್ತೆ. ನ್ಯೂಟ್ರಾನ್ ಸ್ಟಾರ್ (ಸಿಡಿದ ದೊಡ್ಡ ನಕ್ಷತ್ರದ ಗಟ್ಟಿ ತಿರುಳು) ಅಡ್ಡಳತೆ ಸುಮಾರು 20 ಕಿಲೋಮೀಟರು, ಎರಡನ್ನೂ ತೀರಾ ಪಕ್ಕ ತಂದ್ರೆ ಸೆಕೆಂಡಿಗೆ ನೂರಾರು ಸುತ್ತು ಹಾಕತ್ವೆ, ಆ ಅಲೆ ಲೈಗೋ ಹಿಡಿಯೋ ರೇಂಜಲ್ಲೇ ಬೀಳತ್ತೆ. ವೈಟ್ ಡ್ವಾರ್ಫ್ ಹಂಗಲ್ಲ, ಸೂರ್ಯನಷ್ಟು ತೂಕ ಇದ್ರೂ ಸೈಜು ಭೂಮಿಯಷ್ಟು ಇರತ್ತೆ. ಸಾವಿರಾರು ಕಿಲೋಮೀಟರ್ ಅಗಲದ ಎರಡು ಗುಂಡು ಒಂದಕ್ಕೊಂದು ತಾಗೋ ಹೊತ್ತಿಗೂ ಒಂದು ಸುತ್ತಿಗೆ ಸಾಮಾನ್ಯವಾಗಿ ಅರ್ಧ ನಿಮಿಷಕ್ಕಿಂತ ಜಾಸ್ತಿನೇ ಹಿಡಿಯತ್ತೆ, ಅಂದ್ರೆ ಅಲೆ 0.1 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಅಲೆ ಅನ್ನೋ ಲೆಕ್ಕ) ಕೂಡ ಮುಟ್ಟಲ್ಲ. ಲೈಗೋ ಕೇಳೋಕೆ ಶುರು ಮಾಡೋದೇ 10 ಹರ್ಟ್ಜ್ ಆಸುಪಾಸಿಂದ. ಅಷ್ಟೊತ್ತಿಗೆ ಇವುಗಳ ಕಥೆ ಮುಗಿದೇ ಹೋಗಿರತ್ತೆ.

ಹಾಗಾದ್ರೆ ಲೈಗೋನ ಇನ್ನೂ ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸಿ ಅಂತ ನೀವು ಕೇಳ್ಬಹುದು. ಭೂಮಿ ಮೇಲೆ ಕಷ್ಟ. ನೆಲ ಯಾವಾಗಲೂ ಸಣ್ಣಗೆ ನಡುಗ್ತಾ ಇರತ್ತೆ, ಸಮುದ್ರದ ಅಲೆ ದಡಕ್ಕೆ ಬಡಿಯೋದು, ಗಾಳಿ, ಲಾರಿ, ಎಲ್ಲಾ ಸೇರಿ. ಕನ್ನಡಿಗಳನ್ನ ನಾಲ್ಕು ಹಂತದ ಪೆಂಡುಲಮ್‌ಗೆ ನೇತು ಹಾಕಿ ಆ ನಡುಕನ ಬಹಳ ಮಟ್ಟಿಗೆ ತಡೀತಾರೆ. ಆದ್ರೆ ನೆಲ ಅಲುಗಿದಾಗ, ಗಾಳಿಯ ಒತ್ತಡ ಹೆಚ್ಚುಕಮ್ಮಿ ಆದಾಗ ಸುತ್ತಮುತ್ತಲಿನ ರಾಶಿ ಜಾಗ ಬದಲಾಯಿಸತ್ತೆ ನೋಡಿ, ಅದರ ಗುರುತ್ವ ನೇರವಾಗಿ ಕನ್ನಡಿನ ಎಳೆಯತ್ತೆ. ಅದಕ್ಕೆ ಅಡ್ಡ ಗೋಡೆ ಕಟ್ಟೋಕೆ ಆಗಲ್ಲ, ಗುರುತ್ವನ ತಡೆಯೋ ಗೋಡೆ ಇನ್ನೂ ಯಾರೂ ಕಟ್ಟಿಲ್ಲ. ಹಾಗಾಗಿ ಹಿಂಗೋಲಿಲೂ ಕೇಳ್ಸಲ್ಲ, ಅಲ್ಲಿ ಬರ್ತಿರೋದೂ 4 ಕಿಲೋಮೀಟರ್ ತೋಳಿನ ಅದೇ ಡಿಸೈನ್.

ಟೆಲಿಸ್ಕೋಪ್_ಗೌಡ

ಮತ್ತೆ 2600 ಕೋಟಿ ಸುರಿದು ಯಾಕೆ ಕಟ್ಟಬೇಕು ಗುರು 😀 ಪಕ್ಕದ ಮನೇದು ಕೇಳ್ಸಲ್ಲ, ಊರಾಚೆದು ಕೇಳ್ಸತ್ತೆ.

ಹೆಸರಘಟ್ಟ_ಲೋಕಲ್

ಗೌಡ್ರೇ, ಅದರ ಕೆಲಸನೇ ಬೇರೆ. ಬ್ಲ್ಯಾಕ್ ಹೋಲು, ನ್ಯೂಟ್ರಾನ್ ಸ್ಟಾರ್ ಡಿಕ್ಕಿ ಆಕಾಶದಲ್ಲಿ ಎಲ್ಲಿ ಆಯ್ತು ಅಂತ ಸರಿಯಾಗಿ ಜಾಗ ಹಿಡಿಯೋಕೆ ಭೂಮಿಯ ಬೇರೆ ಬೇರೆ ಮೂಲೇಲಿ ಡಿಟೆಕ್ಟರ್ ಬೇಕು, ಅಮೆರಿಕದ ಎರಡು, ಇಟಲಿದೊಂದು, ಜಪಾನಿಂದೊಂದು ಇದೆ, ನಮ್ಮದು ಬಂದ್ರೆ ಆ ಜಾಗ ಗುರುತಿಸೋದು ಎಷ್ಟೋ ಸುಧಾರಿಸತ್ತೆ. 2023ರ ಏಪ್ರಿಲಲ್ಲಿ ಕ್ಯಾಬಿನೆಟ್ ದುಡ್ಡು ಮಂಜೂರು ಮಾಡಿದ್ದು ಇದಕ್ಕೇ.

ವೈಟ್ ಡ್ವಾರ್ಫ್‌ಗೆ ಬೇಕಾಗಿರೋದು ಲಿಸಾ, ಬಾಹ್ಯಾಕಾಶದಲ್ಲಿರೋ ಗುರುತ್ವ ಅಲೆ ಡಿಟೆಕ್ಟರ್. ಯುರೋಪಿಯನ್ ಸ್ಪೇಸ್ ಏಜೆನ್ಸಿದು, ನಾಸಾ ಜೊತೆಗಿದೆ. ಮೂರು ನೌಕೆ, ತ್ರಿಕೋನದ ಥರ, ಒಂದೊಂದು ತೋಳು 25 ಲಕ್ಷ ಕಿಲೋಮೀಟರು. ಲೇಸರ್ ಬೆಳಕು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗೋಕೆ ಎಂಟು ಸೆಕೆಂಡು ಬೇಕು. ಭೂಮಿಯ ಹಿಂದೆ ಹಿಂದೆನೇ ಸೂರ್ಯನ ಸುತ್ತ ಹೋಗ್ತಾ ಇರತ್ತೆ, ಅಲ್ಲಿ ನಡುಗೋಕೆ ನೆಲನೇ ಇಲ್ಲ. 2024ರ ಜನವರಿಲಿ ಒಪ್ಪಿಗೆ ಸಿಕ್ತು, 2035ಕ್ಕೆ ಹಾರಿಸೋ ಪ್ಲಾನು. ಒಳಗಿರೋ ಚಿನ್ನ ಪ್ಲಾಟಿನಂ ಘನಗಳನ್ನ ಯಾವ ಬಲನೂ ತಾಗದ ಹಾಗೆ ತೇಲಿಸಬಹುದಾ ಅಂತ 2015ರ ಡಿಸೆಂಬರಲ್ಲಿ ಹಾರಿಸಿದ ಲಿಸಾ ಪಾತ್‌ಫೈಂಡರಲ್ಲಿ ಪರೀಕ್ಷೆನೂ ಮಾಡಿದ್ರು, ಅಂದ್ಕೊಂಡಿದ್ದಕ್ಕಿಂತ ಚೆನ್ನಾಗೇ ಬಂತು.

ಸುಮಾ_ಎಂಎಸ್ಸಿ

ಮೂರನೇ ಪ್ರಶ್ನೆ ನಂಗೆ ಬಿಡಿ, ಇದು ನನ್ನ ಫೇವರಿಟ್ ವಿಷಯ.

ಬೂಟೀಸ್ ನಕ್ಷತ್ರಪುಂಜದ ಕಡೆ ಒಂದು ಜೋಡಿ ಇದೆ, ಹೆಸರು ಝಡ್‌ಟಿಎಫ್ ಜೆ1539+5027. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಸರ್ವೇ ಕ್ಯಾಮೆರಾ ಡೇಟಾದಲ್ಲಿ ಸಿಕ್ಕಿದ್ದು, 2019ರಲ್ಲಿ ಪ್ರಕಟ ಆಯ್ತು. ಎರಡೂ ವೈಟ್ ಡ್ವಾರ್ಫೇ, ಒಂದು ಸೂರ್ಯನ 0.6 ಪಟ್ಟು ತೂಕ, ಇನ್ನೊಂದು 0.2 ಪಟ್ಟು. ಒಂದು ಸುತ್ತಿಗೆ 6.91 ನಿಮಿಷ!! ಮಧ್ಯದ ಅಂತರ ಸುಮಾರು 80 ಸಾವಿರ ಕಿಲೋಮೀಟರು, ನಮ್ಮಿಂದ ಚಂದ್ರನಿಗಿರೋ ದೂರದಲ್ಲಿ ಐದನೇ ಒಂದು ಭಾಗ, ಇಡೀ ವ್ಯವಸ್ಥೆ ಶನಿಗ್ರಹದ ಒಳಗೆ ಹಿಡಿಸತ್ತೆ. ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಓಡ್ತಿವೆ.

ನಮ್ಮ ಅದೃಷ್ಟಕ್ಕೆ ಅದರ ಕಕ್ಷೆ ನಮಗೆ ಅಂಚಿನ ಕಡೆಯಿಂದ ಕಾಣೋ ಹಾಗಿದೆ, ಹಾಗಾಗಿ ಏಳು ನಿಮಿಷಕ್ಕೊಂದು ಗ್ರಹಣ. ಇಲ್ಲಿ ಒಂದು ಮಜಾ ಇದೆ. ವೈಟ್ ಡ್ವಾರ್ಫಲ್ಲಿ ತೂಕ ಕಮ್ಮಿ ಇರೋದೇ ಸೈಜಲ್ಲಿ ದೊಡ್ಡದು, ಆದ್ರೆ ಇಲ್ಲಿ ಅದು ತಣ್ಣಗಿದೆ. ತೂಕ ಜಾಸ್ತಿ ಇರೋದು ಸಣ್ಣ, ಆದ್ರೆ ಉರಿ ಉರಿ ಬಿಸಿ, 48 ಸಾವಿರ ಡಿಗ್ರಿ ಮೇಲೆ. ದೊಡ್ಡ ಮಂಕು ನಕ್ಷತ್ರ ಸಣ್ಣ ಪ್ರಕಾಶದ ನಕ್ಷತ್ರದ ಮುಂದೆ ಬಂದಾಗ ಬೆಳಕು ಥಟ್ ಅಂತ ಕುಸಿದು ಮತ್ತೆ ಎದ್ದು ಬರತ್ತೆ. ಇಷ್ಟು ಚೂಪಾದ ಗ್ರಹಣ ಇದ್ರೆ ಅದೊಂದು ಗಡಿಯಾರನೇ.

ಈಗ ಲೆಕ್ಕ ನೋಡಿ, ಅಕೌಂಟ್ಸ್ ಸಾರ್‌ಗೆ ಇದು ಇಷ್ಟ ಆಗತ್ತೆ. ಗುರುತ್ವ ಅಲೆ ಶಕ್ತಿ ಹೊತ್ಕೊಂಡು ಹೋದ್ರೆ ಕಕ್ಷೆ ಕುಗ್ಗಬೇಕು, ಸುತ್ತೋ ಸಮಯ ಕಮ್ಮಿ ಆಗ್ಬೇಕು. ಈ ಜೋಡೀಲಿ ಆಗ್ತಿರೋ ಇಳಿಕೆ ವರ್ಷಕ್ಕೆ ಒಂದು ಮಿಲಿಸೆಕೆಂಡಿನ ಮುಕ್ಕಾಲು ಭಾಗ. ಇಷ್ಟು ಚೂರನ್ನ ಹೆಂಗಪ್ಪಾ ಅಳೀತಾರೆ ಅನ್ಸತ್ತೆ. ಆದ್ರೆ ವರ್ಷಕ್ಕೆ ಸುಮಾರು 76 ಸಾವಿರ ಸುತ್ತು ಆಗತ್ತೆ, ಪ್ರತಿ ಸುತ್ತೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಬೇಗ ಮುಗಿಯತ್ತೆ, ಆ ಚೂರು ಚೂರೆಲ್ಲಾ ಕೂಡ್ತಾ ಹೋಗತ್ತೆ. ವರ್ಷದ ಕೊನೇಲಿ ನೋಡಿದ್ರೆ ಗ್ರಹಣ ಲೆಕ್ಕಕ್ಕಿಂತ ಸುಮಾರು 28 ಸೆಕೆಂಡು ಮುಂಚೆನೇ ಬಂದಿರತ್ತೆ. ಕಾಲದ ವರ್ಗಕ್ಕೆ ತಕ್ಕಂಗೆ ಬೆಳೆಯೋದ್ರಿಂದ ಹತ್ತು ವರ್ಷಕ್ಕೆ 280 ಅಲ್ಲ, 2800 ಸೆಕೆಂಡು, ಮುಕ್ಕಾಲು ಗಂಟೆಯಷ್ಟು! ಚಕ್ರಬಡ್ಡಿ ಕಟ್ಟಿದೋರಿಗೆ ಇದರ ನೋವು ಗೊತ್ತು.

ಸೋ ಅಲೆ ನೇರವಾಗಿ ಸಿಕ್ಕಿಲ್ಲ, ನಿಜ. ಅಲೆ ಕದ್ದುಕೊಂಡು ಹೋದ ಶಕ್ತಿಯ ಲೆಕ್ಕ ಮಾತ್ರ ಬೆಳಕಲ್ಲೇ ಸಿಕ್ಕಿದೆ. 1974ರಲ್ಲಿ ಹಲ್ಸ್ ಮತ್ತು ಟೇಲರ್ ಕಂಡುಹಿಡಿದ ಪಲ್ಸರ್ (ತಿರುಗ್ತಾ ರೇಡಿಯೋ ಮಿಡಿತ ಕಳಿಸೋ ನ್ಯೂಟ್ರಾನ್ ಸ್ಟಾರ್) ಜೋಡೀಲೂ ಹೀಗೇ, 7.75 ಗಂಟೆಯ ಸುತ್ತು ವರ್ಷಕ್ಕೆ ಸುಮಾರು 76 ಮೈಕ್ರೋಸೆಕೆಂಡ್ ಕಮ್ಮಿ ಆಗ್ತಿತ್ತು, ಐನ್‌ಸ್ಟೈನ್ ಲೆಕ್ಕಕ್ಕೆ ಸರಿಹೋಯ್ತು, 1993ರಲ್ಲಿ ನೊಬೆಲ್ ಬಂತು. ಲೈಗೋ ಕೇಳಿಸ್ಕೊಳ್ಳೋಕೆ ಇಪ್ಪತ್ತೆರಡು ವರ್ಷ ಮೊದಲೇ.

ಟೆಲಿಸ್ಕೋಪ್_ಗೌಡ

ಸುಮಾ ಮೇಡಂ ಚೆನ್ನಾಗಿ ಹೇಳಿದ್ರಿ, ಆದ್ರೆ ಒಂದು ಆಕ್ಷೇಪ ಇದೆ, ಜಗಳಕ್ಕೆ ಅಂತ ತಿಳ್ಕೋಬೇಡಿ. ಪಲ್ಸರ್‌ದು ಒಪ್ತೀನಿ, ಅವು ಪುಟ್ಟ ಗಟ್ಟಿ ಗುಂಡು. ವೈಟ್ ಡ್ವಾರ್ಫ್ ಭೂಮಿ ಸೈಜಿನ ಅನಿಲದ ಉಂಡೆ, ಅಷ್ಟು ಹತ್ರ ಇದ್ರೆ ಚಂದ್ರ ಸಮುದ್ರ ಎಳೆದಂಗೆ ಒಂದನ್ನೊಂದು ಎಳೀತಾವೆ, ಒಂದರಿಂದ ಇನ್ನೊಂದಕ್ಕೆ ವಸ್ತು ಬೇರೆ ಸುರಿಯತ್ತೆ. ಸುತ್ತು ಕುಗ್ಗೋಕೆ ಅದೇ ಕಾರಣ ಯಾಕಿರಬಾರ್ದು? ಎಲ್ಲಾನೂ ಗುರುತ್ವ ಅಲೆ ತಲೆ ಮೇಲೆ ಹಾಕೋದು ಎಷ್ಟು ಸರಿ?

ಸುಮಾ_ಎಂಎಸ್ಸಿ

ಆಕ್ಷೇಪ ಸರಿಯಾಗೇ ಇದೆ. ಅದಕ್ಕೇ ವಸ್ತು ಸುರಿಯೋ ಜೋಡಿ ಬೇರೆ, ಸುರಿಯದ ಜೋಡಿ ಬೇರೆ ಅಂತ ವಿಂಗಡಿಸ್ತಾರೆ.

ಗೊತ್ತಿರೋದ್ರಲ್ಲಿ ಎಲ್ಲಕ್ಕಿಂತ ವೇಗದ್ದು ಎಚ್‌ಎಂ ಕ್ಯಾಂಕ್ರಿ, ಸುತ್ತೋಕೆ 321 ಸೆಕೆಂಡು, ಅಂದ್ರೆ ಐದು ನಿಮಿಷ ಚಿಲ್ಲರೆ. ಅದರಲ್ಲಿ ವಸ್ತು ಸುರೀತಾ ಇದೆ, ಎಕ್ಸ್‌ರೇ ಬರೋದೇ ಅದರಿಂದ. ಅಲ್ಲಿ ನೀವು ಹೇಳಿದ ಗೊಂದಲ ಪೂರ್ತಿ ಇದೆ. ಸಾಮಾನ್ಯವಾಗಿ ಹಗುರದ್ದು ಭಾರದ್ದಕ್ಕೆ ವಸ್ತು ಸುರಿದ್ರೆ ಅವು ದೂರ ಸರೀಬೇಕು, ಸುತ್ತೋ ಸಮಯ ಹೆಚ್ಚಾಗಬೇಕು, ಇದರಲ್ಲಿ ಮಾತ್ರ ಇನ್ನೂ ಕಮ್ಮಿನೇ ಆಗ್ತಿದೆ, ಹಾಗಾಗಿ ಸುರಿಯೋದು ಇತ್ತೀಚೆಗೆ ಶುರುವಾಗಿರೋ ಹಂತ ಅಂತ ವಿವರಣೆ ಕೊಡ್ತಾರೆ.

ಸುರಿಯದೇ ಇರೋದಕ್ಕೆ ಒಳ್ಳೆ ಉದಾಹರಣೆ ಜೆ0651+2844, 2011ರಲ್ಲಿ ಸಿಕ್ಕಿದ್ದು, 12.75 ನಿಮಿಷದ ಸುತ್ತು, ಅದರಲ್ಲೂ ಗ್ರಹಣ ಆಗತ್ತೆ. ಹದಿಮೂರು ತಿಂಗಳಲ್ಲಿ ಗ್ರಹಣ 6 ಸೆಕೆಂಡು ಮುಂದೆ ಬಂದಿತ್ತು, ಐನ್‌ಸ್ಟೈನ್ ಲೆಕ್ಕಕ್ಕೆ ಹೊಂದತ್ತೆ. ಉಬ್ಬರದ ಎಳೆತ ಒಂದಿಷ್ಟು ಪರ್ಸೆಂಟ್ ಸೇರ್ಸತ್ತೆ ಅಂತ ಅವರೇ ಹೇಳ್ತಾರೆ, ಯಾರೂ ಮುಚ್ಚಿಡ್ತಿಲ್ಲ. ಲಿಸಾ ಬಂದ್ಮೇಲೆ ಅಲೆಯ ಜೋರು ಎಷ್ಟು, ಫ್ರೀಕ್ವೆನ್ಸಿ ಏರ್ತಿರೋದು ಎಷ್ಟು ಅಂತ ಅಳೆದು, ಟೆಲಿಸ್ಕೋಪ್ ಕೊಟ್ಟ ತೂಕ, ದೂರದ ಜೊತೆ ತಾಳೆ ನೋಡಿದ್ರೆ ಉಬ್ಬರದ ಪಾಲು ಎಷ್ಟು ಅನ್ನೋದೂ ಬೇರೆಯಾಗಿ ಸಿಗತ್ತೆ. ನಂಗೇನೋ ಅದೇ ಜಾಸ್ತಿ ಇಂಟರೆಸ್ಟಿಂಗ್ ಅನ್ಸತ್ತೆ, ಯಾಕಂದ್ರೆ ವೈಟ್ ಡ್ವಾರ್ಫ್ ಹೊಟ್ಟೆಯೊಳಗೆ ಏನಾಗತ್ತೆ ಅಂತ ತಿಳ್ಕೊಳ್ಳೋಕೆ ಬೇರೆ ದಾರಿ ತುಂಬಾ ಕಮ್ಮಿ.

ಅಂದಹಾಗೆ ಅನಿಲದ ಉಂಡೆ ಅಂದ್ರಲ್ಲ, ಘನ ಸೆಂಟಿಮೀಟರಿಗೆ ಟನ್ ಲೆಕ್ಕದಲ್ಲಿ ತೂಗೋ ಅನಿಲ ಅದು 😊 ಅದನ್ನ ಹಿಡಿದು ನಿಲ್ಸಿರೋದು ಎಲೆಕ್ಟ್ರಾನ್‌ಗಳ ಡಿಜೆನೆರಸಿ ಒತ್ತಡ (ಒಂದೇ ಜಾಗಕ್ಕೆ ತುರುಕೋಕೆ ಹೋದ್ರೆ ಎಲೆಕ್ಟ್ರಾನ್‌ಗಳು ತೋರ್ಸೋ ಪ್ರತಿರೋಧ), ಆ ಒತ್ತಡಕ್ಕೂ ಒಂದು ಮಿತಿ ಇದೆ ಅಂತ ತೋರ್ಸಿದ್ದೇ ನಮ್ಮ ಚಂದ್ರಶೇಖರ್, ಸೂರ್ಯನ 1.4 ಪಟ್ಟು.

ಬಸವನಗುಡಿ_ಬೈನಾಕ್ಯುಲರ್

ಅಬ್ಬಾ, ಇಷ್ಟು ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಆ 28 ಸೆಕೆಂಡಿನ ಲೆಕ್ಕ ಕಾಗದದ ಮೇಲೆ ಹಾಕಿ ನೋಡ್ದೆ, ಸರಿಯಾಗಿ ಬಂತು. ಇನ್ನೆರಡು ಪ್ರಶ್ನೆ ಕೇಳ್ಬಿಡ್ತೀನಿ. ಕೋಟಿಗಟ್ಲೆ ಜೋಡಿ ಎಲ್ಲಾ ಒಟ್ಟಿಗೆ ಅಲೆ ಬಿಡ್ತಿದ್ರೆ ಲಿಸಾಗೆ ಯಾವುದು ಯಾರದ್ದು ಅಂತ ಗೊತ್ತಾಗೋದು ಹೆಂಗೆ? ಮತ್ತೆ ಸೂರ್ಯನಂಥ ಎರಡು ನಕ್ಷತ್ರ ಶನಿಗ್ರಹದ ಒಳಗೆ ಹಿಡಿಸೋಷ್ಟು ಹತ್ರ ಬಂದಿದ್ದಾದ್ರೂ ಹೆಂಗೆ? ಹುಟ್ಟಿದಾಗಲೇ ಹಂಗಿರೋಕೆ ಆಗಲ್ವಲ್ಲ, ಸೂರ್ಯನೇ ಅಷ್ಟು ದಪ್ಪ ಇದಾನೆ.

ಹೆಸರಘಟ್ಟ_ಲೋಕಲ್

ಎರಡನೇದು ಮೊದಲು. ಹುಟ್ಟೋವಾಗ ದೂರ ದೂರನೇ ಇರ್ತಾವೆ. ತೂಕ ಜಾಸ್ತಿ ಇರೋದು ಬೇಗ ವಯಸ್ಸಾಗಿ ಊದ್ಕೊಳ್ಳತ್ತೆ, ರೆಡ್ ಜೈಂಟ್ ಆಗಿ ಪಕ್ಕದ ನಕ್ಷತ್ರನ ತನ್ನ ಹೊದಿಕೆಯೊಳಗೆ ಎಳ್ಕೊಂಡ್ಬಿಡತ್ತೆ. ಆಗ ಆ ಚಿಕ್ಕ ನಕ್ಷತ್ರ ಇದರ ಅನಿಲದೊಳಗೇ ಸುತ್ತತ್ತೆ, ಉಜ್ಜಾಟಕ್ಕೆ ವೇಗ ಕಳ್ಕೊಂಡು ಒಳಗೊಳಗೆ ಜಾರತ್ತೆ, ಆ ಕಳೆದ ಶಕ್ತಿಯೆಲ್ಲಾ ಹೊದಿಕೆಗೆ ಹೋಗಿ ಅದು ಹಾರಿ ಹೋಗತ್ತೆ. ಉಳಿಯೋದು ಒಂದು ವೈಟ್ ಡ್ವಾರ್ಫು, ಒಂದು ಮಾಮೂಲಿ ನಕ್ಷತ್ರ, ಮೊದಲಿಗಿಂತ ಎಷ್ಟೋ ಹತ್ರ. ಕೋಟ್ಯಂತರ ವರ್ಷ ಆದ್ಮೇಲೆ ಎರಡನೇದೂ ಊದ್ಕೊಳ್ಳತ್ತೆ, ಮತ್ತೆ ಅದೇ ರಾಮಾಯಣ. ಮೊದಲ ಸಲ ವಸ್ತು ನಿಧಾನಕ್ಕೆ ವರ್ಗಾವಣೆ ಆಗೋ ದಾರಿನೂ ಇದೆ. ಈ ಹೊದಿಕೆ ಹಾರೋ ಹಂತ ಖಗೋಳದ ಟೈಮಲ್ಲಿ ಕಣ್ಣು ಮಿಟುಕಿಸೋಷ್ಟೇ, ಅದಕ್ಕೆ ನಡೆಯೋವಾಗ ನೋಡೋದು ಬಲು ಅಪರೂಪ, ಕಂಪ್ಯೂಟರಲ್ಲಿ ಮಾಡೋಕೂ ಬಹಳ ತಲೆನೋವು. ಹತ್ತು ಸಾವಿರ ಜೋಡಿಗಳ ಅಂತರ, ತೂಕ ಕೈಗೆ ಸಿಕ್ರೆ ಈ ಹಂತ ಹೆಂಗೆ ನಡೆಯತ್ತೆ ಅನ್ನೋದನ್ನ ಹಿಂದಕ್ಕೆ ಲೆಕ್ಕ ಹಾಕಬಹುದು. ನನ್ನ ಕೇಳಿದ್ರೆ ಲಿಸಾ ವೈಟ್ ಡ್ವಾರ್ಫ್‌ಗಳಿಂದ ಮಾಡೋ ದೊಡ್ಡ ಕೆಲಸ ಇದೇ, ಐನ್‌ಸ್ಟೈನ್ ಸರೀನಾ ತಪ್ಪಾ ಅನ್ನೋದು ಇಲ್ಲಿ ಅಷ್ಟು ಮುಖ್ಯ ಅಲ್ಲ.

ಹತ್ತು ಸಾವಿರ ಎಲ್ಲಿಂದ ಬಂತು ಅಂದ್ರೆ, ಅದೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಳ್ಳಿ, ನೂರಾರು ಜನ ಕೂಗ್ತಿರ್ತಾರೆ, ಕೇಳ್ಸೋದು ಬರೀ ಗುಂಯ್ ಅನ್ನೋ ಗದ್ದಲ, ಆದ್ರೆ ಪಕ್ಕದಲ್ಲೇ ನಿಂತು "ತುಮಕೂರ್ ತುಮಕೂರ್ ತುಮಕೂರ್" ಅನ್ನೋ ಕಂಡಕ್ಟರ್ ದನಿ ಬೇರೆಯಾಗಿ ಕೇಳತ್ತೆ. ಹಾಗೆ ಸುಮಾರು 3 ಮಿಲಿಹರ್ಟ್ಜ್‌ಗಿಂತ (ಮಿಲಿ ಅಂದ್ರೆ ಸಾವಿರದ ಒಂದು ಭಾಗ) ಕೆಳಗೆ ಜೋಡಿಗಳ ಸಂಖ್ಯೆ ವಿಪರೀತ, ಒಂದರ ಮೇಲೊಂದು ಬಿದ್ದು ಗದ್ದಲ ಆಗತ್ತೆ, ಆ ಗದ್ದಲ ಲಿಸಾದ ಸ್ವಂತ ನಾಯ್ಸ್‌ಗಿಂತ ಜಾಸ್ತಿ ಇರತ್ತೆ. ಅದಕ್ಕಿಂತ ಮೇಲೆ ಜೋಡಿಗಳು ಕಮ್ಮಿ, ಒಂದೊಂದೇ ಬಿಡಿ ಬಿಡಿಯಾಗಿ ಸಿಗತ್ತೆ. ಒಟ್ಟು ಹತ್ತು ಸಾವಿರದ ಆಜುಬಾಜು ಬಿಡಿಸಿ ಎಣಿಸಬಹುದು ಅಂತ ಅಂದಾಜು.

ಇನ್ನೊಂದು ಉಪಾಯನೂ ಇದೆ. ಇವು ಲೈಗೋ ಥರ ಕಾಲು ಸೆಕೆಂಡಲ್ಲಿ ಮುಗಿಯೋ ಸದ್ದಲ್ಲ, ವರ್ಷಗಟ್ಲೆ ಒಂದೇ ಶ್ರುತಿ. ಝಡ್‌ಟಿಎಫ್ ಜೋಡೀದು 4.8 ಮಿಲಿಹರ್ಟ್ಜ್, ನಾಲ್ಕು ವರ್ಷ ಕೇಳಿದ್ರೂ ಹೆಚ್ಚುಕಮ್ಮಿ ಅಷ್ಟೇ. ಎಷ್ಟು ಕಾಲ ಕೇಳ್ತೀರೋ ಅಷ್ಟು ಹತ್ರ ಹತ್ರದ ಶ್ರುತಿಗಳನ್ನ ಬೇರೆ ಮಾಡಬಹುದು. ಅದರ ಮೇಲೆ ಲಿಸಾ ಸೂರ್ಯನ ಸುತ್ತ ಹೋಗ್ತಿರೋದ್ರಿಂದ ಡಾಪ್ಲರ್ ಪರಿಣಾಮಕ್ಕೆ ಆ ಶ್ರುತಿ ವರ್ಷಕ್ಕೊಮ್ಮೆ ಚೂರು ಏರಿ ಚೂರು ಇಳಿಯತ್ತೆ, ಯಾವ ತಿಂಗಳಲ್ಲಿ ಏರ್ತು ಯಾವ ತಿಂಗಳಲ್ಲಿ ಇಳೀತು ಅನ್ನೋದ್ರಿಂದ ಆಕಾಶದಲ್ಲಿ ಅದು ಯಾವ ದಿಕ್ಕಲ್ಲಿದೆ ಅಂತ ಗೊತ್ತಾಗತ್ತೆ.

ಮತ್ತೆ ಎಚ್‌ಎಂ ಕ್ಯಾಂಕ್ರಿ, ಜೆ0651, ಈ ಝಡ್‌ಟಿಎಫ್ ಜೋಡಿ, ಇಂಥವುಗಳ ಅಡ್ರೆಸ್ಸು, ಶ್ರುತಿ ಎಲ್ಲಾ ಈಗಲೇ ಗೊತ್ತಿದೆ. ಲೈಗೋ ಆನ್ ಮಾಡಿದಾಗ ಏನು ಸಿಗತ್ತೋ ಅಂತ ಕಾಯ್ಬೇಕಿತ್ತು, ಲಿಸಾ ಆನ್ ಮಾಡಿದಾಗ ಈ ಜೋಡಿಗಳು ಕೇಳ್ಸಲೇಬೇಕು, ಕೇಳ್ಸಿಲ್ಲ ಅಂದ್ರೆ ಯಂತ್ರದಲ್ಲೇ ಏನೋ ಎಡವಟ್ಟು ಅಂತ ಅರ್ಥ. ಚೀನಾದವರ ಟಿಯಾನ್‌ಕಿನ್ ಅನ್ನೋ ಪ್ರಾಜೆಕ್ಟಂತೂ ಎಚ್‌ಎಂ ಕ್ಯಾಂಕ್ರಿನೇ ಗುರಿಯಾಗಿಟ್ಕೊಂಡು ಡಿಸೈನ್ ಮಾಡಿರೋದು.

ರಾತ್ರಿ_ಪಾಳಿ

ಪ್ರೊಫೆಸರ್ ಸಿ.ವಿ. ವಿಶ್ವೇಶ್ವರ ಅವರ ಹೆಸರು ಯಾರೂ ಎತ್ಲಿಲ್ಲ, ಅದಕ್ಕೆ ಬಂದೆ. ನೀವು ಹೋಗಿದ್ದ ಪ್ಲಾನೆಟೇರಿಯಂ ಕಟ್ಟಿ ಬೆಳೆಸಿದೋರು, ಬೆಂಗಳೂರಿನೋರೇ. ಬ್ಲ್ಯಾಕ್ ಹೋಲ್ ಕದಡಿದ್ರೆ ಗಂಟೆ ಥರ ಮೊಳಗಿ ಅಡಗತ್ತೆ ಅಂತ 1970ರಲ್ಲೇ ಲೆಕ್ಕ ಹಾಕಿದ್ರು. ಸದಾಶಿವನಗರದ ರಾಮನ್ ಸಂಸ್ಥೆಲಿ ಬಾಲಾ ಅಯ್ಯರ್ ಅವರು ಜೋಡಿಗಳು ಒಳಗೆ ಸುತ್ತಿ ಬರೋವಾಗ ಅಲೆಯ ಆಕಾರ ಹೆಂಗಿರತ್ತೆ ಅಂತ ಫ್ರೆಂಚರ ಜೊತೆ ಸೇರಿ ವರ್ಷಗಟ್ಲೆ ಲೆಕ್ಕ ಮಾಡಿದಾರೆ, ಲೈಗೋ ಹುಡುಕಾಟಕ್ಕೆ ಆ ಲೆಕ್ಕ ಬೇಕೇ ಬೇಕು. ವೈಟ್ ಡ್ವಾರ್ಫ್‌ಗೆ ಮಾತ್ರ ಅಷ್ಟು ಕಷ್ಟದ ಲೆಕ್ಕ ಬೇಡ, ಬೆಳಕಿನ ವೇಗಕ್ಕೆ ಹೋಲಿಸಿದ್ರೆ ಅವುಗಳದ್ದು ಆಮೆ ನಡಿಗೆ, ಐನ್‌ಸ್ಟೈನ್ 1918ರಲ್ಲಿ ಬರೆದ ಸೂತ್ರನೇ ಬಹುಪಾಲು ಸಾಕು.

ಟೆಲಿಸ್ಕೋಪ್_ಗೌಡ

ಸರಿ ಒಪ್ಪಿದೆ. ನಂದೊಂದು ಪ್ರಾಕ್ಟಿಕಲ್ ಮಾತು, ಬಸವನಗುಡಿ ಸಾರ್‌ಗೆ. ಈ ಏಳು ನಿಮಿಷದ ಜೋಡಿ ನಮ್ಮಂಥೋರ ಟೆಲಿಸ್ಕೋಪಿಗೆ ಸಿಗಲ್ಲ, 20ನೇ ಮ್ಯಾಗ್ನಿಟ್ಯೂಡ್ ಹತ್ರ ಇದೆ (ಈ ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು). ಆದ್ರೆ ಒಂದು ವೈಟ್ ಡ್ವಾರ್ಫ್ ಕಣ್ಣಾರೆ ನೋಡ್ಬೇಕು ಅಂದ್ರೆ ಸಿರಿಯಸ್ ಬಿ ಹಿಂದೆ ಬೀಳ್ಬೇಡಿ, ಸಿರಿಯಸ್ ಬೆಳಕಿನ ಝಳದಲ್ಲಿ ಅದು ಮುಳುಗೋಗತ್ತೆ, ಹುಡುಕಿ ಹುಡುಕಿ ಬೇಜಾರಾಗತ್ತೆ. 40 ಎರಿಡಾನಿ ನೋಡಿ. ಡಿಸೆಂಬರ್ ಜನವರಿಲಿ ಒರಾಯನ್ ಕಾಲಲ್ಲಿ ರೈಜೆಲ್ ಇದೆಯಲ್ಲ, ಅದರ ಪಶ್ಚಿಮಕ್ಕೆ. ಮುಖ್ಯ ನಕ್ಷತ್ರ 4.4, ಪಕ್ಕದಲ್ಲಿ 9.5 ಮ್ಯಾಗ್ನಿಟ್ಯೂಡಿನ ಚುಕ್ಕೆ, ಅದೇ ವೈಟ್ ಡ್ವಾರ್ಫ್, ಬರೀ 16 ಬೆಳಕಿನ ವರ್ಷ ದೂರ. ಎರಡರ ಮಧ್ಯೆ ಒಂದು ಆರ್ಕ್‌ಮಿನಿಟ್‌ಗಿಂತ ಜಾಸ್ತಿ ಅಂತರ ಇರೋದ್ರಿಂದ ಆರಾಮಾಗಿ ಬಿಡಿಸಿ ಕಾಣತ್ತೆ. ಬೈನಾಕ್ಯುಲರಲ್ಲಿ ಊರೊಳಗಿಂದ ಕಷ್ಟ, ನಾಲ್ಕಿಂಚಿನ ಟೆಲಿಸ್ಕೋಪ್ ಹಿಡ್ಕೊಂಡು ಕನಕಪುರ ರೋಡಲ್ಲಿ ಲೈಟು ಕಮ್ಮಿ ಇರೋ ಕಡೆ ಹೋಗಿ, ಮಗಳನ್ನೂ ಕರ್ಕೊಂಡ್ ಹೋಗಿ.

ಸುಮಾ_ಎಂಎಸ್ಸಿ

+1. ಆ ವೈಟ್ ಡ್ವಾರ್ಫ್‌ಗೂ ಒಂದು ಕೆಂಪು ಜೊತೆಗಾರ ಇದೆ, ಆದ್ರೆ ಒಂದು ಸುತ್ತಿಗೆ ಇನ್ನೂರು ವರ್ಷದ ಮೇಲೆ ಹಿಡಿಯತ್ತೆ, ಅದರಿಂದ ಬರೋ ಗುರುತ್ವ ಅಲೆ ಯಾವ ಲೆಕ್ಕಕ್ಕೂ ಇಲ್ಲ.

ಬಸವನಗುಡಿ_ಬೈನಾಕ್ಯುಲರ್

ನಾಲ್ಕಿಂಚಿನದು ಭಾವಮೈದನ ಹತ್ರ ಇದೆ, ಕೇಳ್ತೀನಿ. ಕೊನೇದಾಗಿ, ಆ ಏಳು ನಿಮಿಷದ ಜೋಡಿ ಕೊನೆಗೆ ಏನಾಗತ್ತೆ? ಡಿಕ್ಕಿ ಹೊಡೆದು ಸೂಪರ್‌ನೋವಾ ಆಗತ್ತಾ?

ಹೆಸರಘಟ್ಟ_ಲೋಕಲ್

ಅದಕ್ಕೆ ಇನ್ನೂ ಲಕ್ಷ ವರ್ಷದ ಮೇಲೆ ಟೈಮ್ ಇದೆ ಸಾರ್. ಎರಡನ್ನೂ ಕೂಡಿದ್ರೂ ಸೂರ್ಯನ 0.8 ಪಟ್ಟು, ಚಂದ್ರಶೇಖರ್ ಮಿತಿ ಹತ್ರಾನೂ ಬರಲ್ಲ, ಹಾಗಾಗಿ ಮಾಮೂಲಿ ಟೈಪ್ ಒನ್ ಎ (ವೈಟ್ ಡ್ವಾರ್ಫ್ ಸಿಡಿಯೋ ಥರದ) ಸೂಪರ್‌ನೋವಾ ನಿರೀಕ್ಷೆ ಬೇಡ. ಹಗುರದ್ದು ಉಬ್ಬಿ ವಸ್ತು ಸುರಿಯೋಕೆ ಶುರು ಮಾಡತ್ತೆ. ಆಮೇಲೆ ಎರಡು ದಾರಿ: ಸುರಿಯೋದು ಹದವಾಗಿ ನಡೆದ್ರೆ ಜೋಡಿ ನಿಧಾನಕ್ಕೆ ದೂರ ಸರೀತಾ ಹೋಗತ್ತೆ, ಎಎಂ ಸಿವಿಎನ್ ಅನ್ನೋ ಜಾತಿ ಇದೇ, ಅದರ ಮೂಲ ನಕ್ಷತ್ರದ್ದು 17 ನಿಮಿಷದ ಸುತ್ತು. ಹದ ತಪ್ಪಿದ್ರೆ ಎರಡೂ ಕೂಡ್ಕೊಂಡು ಒಂದೇ ವಿಚಿತ್ರ ನಕ್ಷತ್ರ ಆಗತ್ತೆ. ಎಷ್ಟು ಜೋಡಿ ಯಾವ ದಾರಿ ಹಿಡಿಯತ್ವೆ ಅನ್ನೋದಕ್ಕೆ ಲಿಸಾಲಿ ಶ್ರುತಿ ಏರ್ತಿರೋವು ಎಷ್ಟು, ಇಳೀತಿರೋವು ಎಷ್ಟು ಅಂತ ಎಣಿಸಿದ್ರೆ ಸಾಕು.

ಯಾರಿಗಾದ್ರೂ ಪೈಥಾನ್ ಬರತ್ತೆ, ಶನಿವಾರ ಖಾಲಿ ಇದೆ ಅಂದ್ರೆ ಲಿಸಾ ಡೇಟಾ ಚಾಲೆಂಜ್ ಅಂತ ಹುಡುಕಿ. ನಕಲಿ ಡೇಟಾ ಫ್ರೀಯಾಗಿ ಇಟ್ಟಿದಾರೆ, ಅದರಲ್ಲಿ ಸಾಂಗ್ರಿಯಾ ಅನ್ನೋ ಸೆಟ್ ಒಳಗೆ ಸುಮಾರು 3 ಕೋಟಿ ಜೋಡಿ ಸೇರಿಸಿದಾರೆ, ಎಚ್‌ಎಂ ಕ್ಯಾಂಕ್ರಿದು 6.2 ಮಿಲಿಹರ್ಟ್ಜ್ ಹತ್ರ ನೋಡಿ, ಅಲ್ಲಿಂದ ಶುರು ಮಾಡೋದು ಸುಲಭ. ಸಿಕ್ಕಿಹಾಕ್ಕೊಂಡ್ರೆ ಇಲ್ಲೇ ಕೇಳಿ.